ಒಡ್ಡರು ಎಸೆದ ಕಲ್ಲು

ಹನ್ನೆರಡನೇ ಶತಮಾನದ ಕಲ್ಯಾಣವನ್ನು ಇವತ್ತಿನ ಕಂಪನಿಗಳಿಗೆ ಪಾಠ ಹೇಳಲು ಕರೆತರುವ ಪದ್ಧತಿ ಈಚೆಗೆ ಜೋರಾಗಿ ಬೆಳೆದಿದೆ. ಅನುಭವ ಮಂಟಪ ಜಗತ್ತಿನ ಮೊದಲ ಸಂಸತ್ತು ಎಂದು ವೇದಿಕೆಗಳ ಮೇಲೆ ಹೇಳುತ್ತಿದ್ದರು. ಈಗ ಅದು ಮೊದಲ ಮಾದರಿ ಸಂಸ್ಥೆಯೂ ಆಗಿದೆ. 2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ 500 ಕೋಟಿ ರೂಪಾಯಿ ಅಂದಾಜಿನ ಹೊಸ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು. 2024ರಲ್ಲಿ ರಾಜ್ಯ ಸರ್ಕಾರ ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಎಂದು ಘೋಷಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮಂಟಪದ ದೊಡ್ಡ ಚಿತ್ರ ಅನಾವರಣಗೊಂಡಿತು. ಈ ಗೌರವ ಸಲ್ಲಬೇಕಾದದ್ದೇ. ನನ್ನ ತಕರಾರು ಅದರ ಬೆನ್ನಿಗೇ ಬಂದ ಇನ್ನೊಂದು ನಂಬಿಕೆಯ ಮೇಲೆ: ಅನುಭಾವಿಗಳು ಸಂಸ್ಥೆಯನ್ನು ಬದಲಾಯಿಸುವ ಒಂದು ವಿಧಾನವನ್ನು ನಮಗೆ ಬಿಟ್ಟುಹೋಗಿದ್ದಾರೆ, ಅದನ್ನು ಕಲಿತು ಕಚೇರಿಗೆ ಒಯ್ಯಬಹುದು ಎಂಬ ನಂಬಿಕೆ.

ಅವರು ಅಂಥ ವಿಧಾನವನ್ನು ಬಿಟ್ಟುಹೋಗಿಲ್ಲ. ಸಂಸ್ಥೆಯ ಬಗ್ಗೆ ಬಹಳ ಕಠಿಣವಾದ ಒಂದು ಮಾತನ್ನು ಹೇಳಿಹೋಗಿದ್ದಾರೆ. ಅದು ಇರುವುದು ಮಂಟಪದ ಗೋಷ್ಠಿಗಳಲ್ಲಲ್ಲ, ಮಂಟಪಕ್ಕೆ ಹೋಗುವ ದಾರಿಯಲ್ಲಿ ಸೊನ್ನಲಿಗೆಯ (ಇಂದಿನ ಸೊಲ್ಲಾಪುರದ) ಕೆರೆ ಏರಿಯ ಮೇಲೆ. ವಚನಗಳನ್ನು ಸಂವಾದವಾಗಿ ಹೆಣೆದ ಶೂನ್ಯಸಂಪಾದನೆಯಲ್ಲಿ ಅಲ್ಲಮ ಸಿದ್ಧರಾಮನನ್ನು ಕಾಣುವ ಪ್ರಸಂಗ ಕನ್ನಡದಲ್ಲಿ ಸಂಸ್ಥೆ ಮತ್ತು ಬದಲಾವಣೆಯ ಬಗ್ಗೆ ಬಂದಿರುವ ಅತ್ಯಂತ ಗಂಭೀರವಾದ ಬರಹ ಎಂದು ನಾನು ತಿಳಿದಿದ್ದೇನೆ. ಮಂಟಪಕ್ಕೆ ಸಿಕ್ಕ ಪ್ರಚಾರದ ನೂರರಲ್ಲಿ ಒಂದು ಪಾಲೂ ಅದಕ್ಕೆ ಸಿಕ್ಕಿಲ್ಲ.

ಈ ಮಾತು ಎತ್ತಲು ಕಾರಣ ನಮ್ಮ ಅತ್ತಿಗುಂಡಿಯೇ. ಚಿಕ್ಕಮಗಳೂರಿನಿಂದ ಕೈಮರ ದಾಟಿ ಬಾಬಾಬುಡನ್‌ಗಿರಿಗೆ ಹತ್ತುವ ದಾರಿಯಲ್ಲಿರುವ ಈ ಊರಿನ ಸುತ್ತ ಈಗ ತೋಟಕ್ಕೊಂದು ಹೋಂಸ್ಟೇ. ಶನಿವಾರ ಭಾನುವಾರದ ಪ್ರವಾಸಿಗಳ ಜೊತೆಗೆ ವಾರದ ನಡುವೆ ಬೆಂಗಳೂರಿನ ಕಂಪನಿಗಳ ಶಿಬಿರಗಳೂ ನಡೆಯುತ್ತವೆ: ಬೆಳಿಗ್ಗೆ ಧ್ಯಾನ, ಮುಳ್ಳಯ್ಯನಗಿರಿ ಹತ್ತುವುದು, ಮಧ್ಯಾಹ್ನ ಗೋಷ್ಠಿ, ರಾತ್ರಿ ಬೆಂಕಿ ಹಾಕಿಕೊಂಡು ಮನಬಿಚ್ಚಿ ಮಾತಾಡುವುದು. ಅಂಥದೊಂದರಲ್ಲಿ ವಚನಗಳ ಬಗ್ಗೆ ಮಾತಾಡಲು ನನ್ನನ್ನೂ ಕರೆದಿದ್ದರು. ಕಾಫಿ ಒಣಗಿಸುವ ಹಳೆಯ ಕಣದ ಮೇಲೆ ತಗಡು ಹೊದಿಸಿ ಸಭಾಂಗಣ ಮಾಡಿದ್ದರು. ಗೋಡೆಯ ಹಾಳೆಯಲ್ಲಿ ಅನುಭವ ಮಂಟಪದ ಚಿತ್ರ. ಅದರ ಕೆಳಗೆ ಬಾಣದ ಗುರುತುಗಳಲ್ಲಿ ಅರಿವು, ಆಚಾರ, ಅನುಭಾವ, ಕೊನೆಗೆ ಬದಲಾವಣೆ. ಮೇಲುಕೀಳಿಲ್ಲದ ಸಂಸ್ಥೆ ಎಂದರೆ ಇದು, ಎಲ್ಲರೂ ಸುತ್ತ ಕೂತು ಮಾತಾಡುತ್ತಿದ್ದರು ಎಂದು ತರಬೇತುದಾರರು ವಿವರಿಸಿದರು. ಹಿಂದಿನ ಸಾಲಿನಲ್ಲಿದ್ದ ಒಬ್ಬ ಹುಡುಗ ಎದ್ದು ಕೇಳಿದ: "ಸರ್, ಆ ಮಂಟಪದಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆಯಬೇಕು ಅಂತಾದರೆ ಯಾರು ತೀರ್ಮಾನ ಮಾಡ್ತಿದ್ರು?" ಪ್ರಶ್ನೆಯಲ್ಲಿ ಕುಹಕ ಇರಲಿಲ್ಲ. ಅವರ ಕಂಪನಿಯಲ್ಲಿ ಆಗ ಅದೇ ನಡೆಯುತ್ತಿತ್ತು. ತರಬೇತುದಾರರು ಅದನ್ನು ಊಟದ ಮೇಲೆ ನೋಡೋಣ ಎಂದರು. ಊಟದ ಮೇಲೆ ಯಾರೂ ಅದನ್ನು ಎತ್ತಲಿಲ್ಲ.

ಆ ಹುಡುಗನ ಪ್ರಶ್ನೆಗೆ ಮಂಟಪದ ಚಿತ್ರದಲ್ಲಿ ಉತ್ತರವಿಲ್ಲ, ಇರಲು ಸಾಧ್ಯವೂ ಇಲ್ಲ. ನಮಗೆ ಗೊತ್ತಿರುವ ಮಂಟಪದ ಗೋಷ್ಠಿಗಳು ಬಹುಮಟ್ಟಿಗೆ ಶೂನ್ಯಸಂಪಾದನೆಗಳಿಂದ ಬಂದವು. ಕಲ್ಯಾಣ ಚೆದುರಿದ್ದು 1160ರ ದಶಕದ ಕೊನೆಗೆ. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲ ಸಂಪಾದನೆಯನ್ನು ಜೋಡಿಸಿದ್ದು ಹದಿನೈದನೇ ಶತಮಾನದ ವಿಜಯನಗರದಲ್ಲಿ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಒಬ್ಬೊಬ್ಬರೂ ಅದನ್ನು ತಿದ್ದಿದರು, ಬೆಳೆಸಿದರು. ಬಿಡಿ ವಚನಗಳನ್ನು ಎತ್ತಿ, ನಡುವೆ ಗದ್ಯ ಹೆಣೆದು, ಸಂವಾದ ಮಾಡಿದ ಮಹಾಕೃತಿ ಅದು. ಸಭೆಯ ನಡಾವಳಿ ಪುಸ್ತಕವಲ್ಲ. ಇಂಥದೇ ಇನ್ನೊಂದು ತಪ್ಪು ತಿಳಿವಳಿಕೆ ಇದೆ: ಕಾಯಕ ಮತ್ತು ಕೈಲಾಸವನ್ನು ಒಂದು ಮಾಡಿದ ಆ ಪ್ರಸಿದ್ಧ ಮಾತನ್ನು ಎಲ್ಲ ಶಿಬಿರಗಳಲ್ಲೂ ಬಸವಣ್ಣನವರ ಹೆಸರಿನಲ್ಲಿ ಗೋಡೆಗೆ ಅಂಟಿಸುತ್ತಾರೆ. ಅದು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ಬದುಕಿದವನು ಅವನು. ಒಂದು ದಿನ ಹೆಚ್ಚು ಅಕ್ಕಿ ತಂದಾಗ ಹಿಂದಕ್ಕೆ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಕಳಿಸಿದ ಕಥೆಯನ್ನು ಮಾತ್ರ ಯಾವ ಕಂಪನಿಯೂ ಗೋಡೆಗೆ ಅಂಟಿಸಿದ್ದನ್ನು ನಾನು ಕಂಡಿಲ್ಲ.

ಇನ್ನು ಅನುಭಾವದ ಮಾತು. ವಿಲಿಯಂ ಜೇಮ್ಸ್ 1902ರಲ್ಲಿ ಪ್ರಕಟವಾದ ತನ್ನ ಹೆಸರಾಂತ ಉಪನ್ಯಾಸಗಳಲ್ಲಿ ಅನುಭಾವಕ್ಕೆ ನಾಲ್ಕು ಗುರುತು ಹೇಳಿದ: ಅದು ಮಾತಿಗೆ ಸಿಗದು, ಒಂದು ಅರಿವನ್ನು ಕೊಡುತ್ತದೆ, ಹೆಚ್ಚು ಹೊತ್ತು ನಿಲ್ಲದು, ಮತ್ತು ಅದು ಬರುವಾಗ ಮನುಷ್ಯನ ಇಚ್ಛೆ ಕೈಬಿಟ್ಟಿರುತ್ತದೆ. ಕೊನೆಯ ಎರಡನ್ನು ಒಪ್ಪಿದವರು ಅನುಭಾವವನ್ನು ವೇಳಾಪಟ್ಟಿಗೆ ಸೇರಿಸುವುದು ಹೇಗೆ? ಅಮೆರಿಕದ ಎಂಐಟಿಯ ಆಟೋ ಶಾರ್ಮರ್ 2007ರ 'ಥಿಯರಿ ಯು' ಪುಸ್ತಕದಲ್ಲಿ ಇದಕ್ಕೊಂದು ದಾರಿ ಹುಡುಕಿದ್ದಾನೆ. ಸಂಸ್ಥೆ ಮೊದಲು ತನ್ನ ಹಳೆಯದನ್ನು ಬಿಟ್ಟು ಕೆಳಗಿಳಿಯಬೇಕು, ಮೌನದ ತಳ ಮುಟ್ಟಬೇಕು, ಆಮೇಲೆ ಹೊಸದರ ಕಡೆ ಏರಬೇಕು ಎನ್ನುತ್ತಾನೆ. ಪ್ರಾಮಾಣಿಕ ಪುಸ್ತಕ, ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಆದರೆ ಕೆಳಗಿಳಿಯುವವರು ಯಾರು, ಅವರು ಇಳಿಯುವಾಗ ಸಂಸ್ಥೆಯೊಳಗಿನ ಸಿಟ್ಟು ಯಾರ ಮೇಲೆ ಬೀಳುತ್ತದೆ ಎಂಬುದರಲ್ಲಿ ಸೊನ್ನಲಿಗೆಯ ಪ್ರಸಂಗ ಅದಕ್ಕಿಂತ ಬಹಳ ಮುಂದೆ ಹೋಗಿದೆ.

ಪ್ರಸಂಗ ಹೀಗಿದೆ. ಶ್ರೀಶೈಲದ ಮಲ್ಲಯ್ಯನನ್ನು ಹುಡುಕಿಹೋಗಿ ಬಂದ ಸಿದ್ಧರಾಮ ಸೊನ್ನಲಿಗೆಯನ್ನೇ ಇನ್ನೊಂದು ಶ್ರೀಶೈಲ ಮಾಡಲು ಹೊರಟಿದ್ದಾನೆ. ಕೆರೆ ತೋಡಿಸುತ್ತಿದ್ದಾನೆ, ಗುಡಿ ಕಟ್ಟಿಸುತ್ತಿದ್ದಾನೆ, ಲಿಂಗಗಳನ್ನು ಸ್ಥಾಪಿಸುತ್ತಿದ್ದಾನೆ. ಸಾವಿರಾರು ಆಳು ಕೆಲಸದಲ್ಲಿದ್ದಾರೆ. ಅಲ್ಲಮ ಅಲ್ಲಿಗೆ ಬರುತ್ತಾನೆ. ಸಿದ್ಧರಾಮನ ಬಳಿಗೆ ನೇರ ಹೋಗುವುದಿಲ್ಲ. ಮಣ್ಣು ಹೊರುತ್ತಿರುವ ಒಡ್ಡರನ್ನು ನಿಲ್ಲಿಸಿ, ನಿಮ್ಮ ಒಡ್ಡರಾಮ ಎಲ್ಲಿ ಎಂದು ಕೇಳುತ್ತಾನೆ. ಅವರಿಗೆ ಸಿಟ್ಟು ನೆತ್ತಿಗೇರುತ್ತದೆ. ಕೈಗೆ ಸಿಕ್ಕ ಕಲ್ಲೆತ್ತಿ ಎಸೆಯುತ್ತಾರೆ. ಕಲ್ಲು ಅವನ ಸುತ್ತ ಗುಡ್ಡೆ ಬೀಳುತ್ತದೆ, ಅವನಿಗೆ ತಾಗುವುದಿಲ್ಲ. ಸುದ್ದಿ ಮುಟ್ಟಿ ಸಿದ್ಧರಾಮನೇ ಉರಿದೆದ್ದು ಬರುತ್ತಾನೆ, ಹಣೆಗಣ್ಣು ತೆರೆಯುತ್ತಾನೆ. ಆ ಉರಿ ಅಲ್ಲಮನನ್ನು ಸುಡಲಾರದೆ ಊರಿನ ಕಡೆಗೇ ಹಬ್ಬುತ್ತದೆ. ಅದನ್ನು ತಣಿಸುವವನೂ ಅಲ್ಲಮನೇ. ಆಮೇಲೆ ಮಾತು ಶುರುವಾಗುತ್ತದೆ. ಕೊನೆಗೆ ಇಬ್ಬರೂ ಕಲ್ಯಾಣದ ದಾರಿ ಹಿಡಿಯುತ್ತಾರೆ.

ನಮ್ಮ ವಿಮರ್ಶೆ ಸಾಮಾನ್ಯವಾಗಿ 'ಆಮೇಲೆ ಮಾತು ಶುರುವಾಗುತ್ತದೆ' ಎಂಬಲ್ಲಿಂದ ಓದತೊಡಗುತ್ತದೆ. ನಾನು ಅದಕ್ಕಿಂತ ಮುಂಚೆ ನಿಲ್ಲುತ್ತೇನೆ. ಅಲ್ಲಮ ಒಡ್ಡರನ್ನೇ ಏಕೆ ಕೇಳಿದ? ಸಿದ್ಧರಾಮ ಎಲ್ಲಿದ್ದಾನೆಂದು ತಿಳಿಯುವುದೇ ಉದ್ದೇಶವಾಗಿದ್ದರೆ ಸಿದ್ಧರಾಮಯ್ಯ ಎಲ್ಲಿ ಎಂದರೆ ಸಾಕಿತ್ತು. ಅವನು ಆಯ್ದುಕೊಂಡ ಹೆಸರು ಸಿದ್ಧರಾಮನನ್ನು ಆಳುಗಳ ಸಾಲಿಗೆ ಸೇರಿಸುತ್ತದೆ. ಅದನ್ನು ಕೇಳಿ ಮೊದಲು ನೊಂದವರು ಒಡ್ಡರು. ಇದು ವಿಚಿತ್ರ. ಒಡ್ಡ ಎನ್ನುವುದು ಅವರದೇ ಹೆಸರು. ತಮ್ಮ ಹೆಸರನ್ನು ಗುರುವಿಗೆ ಇಟ್ಟರೆ ಅವರಿಗೇಕೆ ಅವಮಾನ? ತಾವು ಕೀಳು, ಗುರು ಮೇಲು ಎಂಬುದನ್ನು ಅವರೂ ಒಪ್ಪಿಕೊಂಡಿದ್ದರು ಎಂದಲ್ಲದೆ ಇದಕ್ಕೆ ಬೇರೆ ಅರ್ಥವಿಲ್ಲ. ಲೋಕಹಿತಕ್ಕಾಗಿ ತೋಡುತ್ತಿದ್ದ ಕೆರೆಯ ಏರಿಯ ಮೇಲೆ ಒಂದು ಮೇಲುಕೀಳು ಗಟ್ಟಿಯಾಗಿ ನಿಂತಿತ್ತು. ಅದನ್ನು ಯಾರೂ ಹೇರಿರಲಿಲ್ಲ, ಭಕ್ತಿಯೇ ಅದನ್ನು ಬೆಳೆಸಿತ್ತು. ಅಲ್ಲಮನ ಒಂದು ಹೆಸರು ಅದನ್ನು ಹೊರಗೆಳೆದು ತೋರಿಸಿತು.

ಈಗ ಕಲ್ಲುಗಳನ್ನು ನೋಡಿ. ಕೆರೆ ಕೆಲಸದ ನಡುವೆ ಕೈಗೆ ಸಿಗುವ ಕಲ್ಲು ಏರಿಗೆಂದು ತಂದದ್ದೇ ಇರಬೇಕು. ಕಟ್ಟಲು ತಂದ ಕಲ್ಲು ಎಸೆಯುವ ಕಲ್ಲಾಗಲು ಒಂದು ಗಳಿಗೆ ಸಾಕಾಯಿತು. ಸಂಸ್ಥೆಗಳಲ್ಲಿ ಬದಲಾವಣೆ ತರುವವರು ನೌಕರರ ವಿರೋಧ ಎಂಬ ಮಾತನ್ನು ದಿನಕ್ಕೆ ಹತ್ತು ಸಲ ಆಡುತ್ತಾರೆ: ಕೆಳಗಿನವರಿಗೆ ಅರ್ಥವಾಗುವುದಿಲ್ಲ, ಅವರಿಗೆ ಹಳೆಯದೇ ಬೇಕು, ಮೊದಲು ಅವರ ಮನಸ್ಸು ತಿದ್ದಬೇಕು. ಶಿಬಿರಗಳೆಲ್ಲ ಈ ನಂಬಿಕೆಯ ಮೇಲೆಯೇ ನಿಂತಿವೆ. ಸೊನ್ನಲಿಗೆಯಲ್ಲಿ ಕಲ್ಲೆಸೆದವರಿಗೆ ಅಜ್ಞಾನವೂ ಇರಲಿಲ್ಲ, ಸೋಮಾರಿತನವೂ ಇರಲಿಲ್ಲ. ಅವರಿಗೆ ತಮ್ಮ ಗುರುವಿನ ಮೇಲೆ ಪ್ರೀತಿ ಇತ್ತು. ಆ ಪ್ರೀತಿಯನ್ನು ಹಾಗೆ ರೂಪಿಸಿದವನು ಸಿದ್ಧರಾಮ. ಆದ್ದರಿಂದ ಕಲ್ಲಿನ ಮೂಲ ಅವರ ಕೈಯಲ್ಲಿರಲಿಲ್ಲ, ನಾನು ಕಟ್ಟಿಸುತ್ತಿದ್ದೇನೆ ಎಂಬ ಸಿದ್ಧರಾಮನ ಒಳಗಿನ ನೆಲೆಯಲ್ಲಿತ್ತು. ಇದನ್ನು ಕೃತಿ ವಾದ ಹೂಡಿ ಹೇಳುವುದಿಲ್ಲ, ಘಟನೆಗಳ ಸಾಲಿನಿಂದ ಹೇಳುತ್ತದೆ: ಮೊದಲು ಆಳುಗಳ ಕಲ್ಲು, ಹಿಂದೆಯೇ ಒಡೆಯನ ಬೆಂಕಿ. ಎರಡೂ ಒಂದೇ ಸಿಟ್ಟು. ಕಲ್ಲು ಒಬ್ಬನ ಸುತ್ತ ಬಿತ್ತು, ಬೆಂಕಿಯಾದರೋ ಊರನ್ನೇ ಸುಡಹೊರಟಿತು. ಮೇಲೆ ಕೂತವನ ಸಿಟ್ಟು ತಾನೇ ಕಟ್ಟಿದ್ದನ್ನು ಸುಡುತ್ತದೆ ಎಂಬುದನ್ನು ಇಷ್ಟು ಕಡಿಮೆ ಮಾತಿನಲ್ಲಿ ತೋರಿಸಿದ ಬರಹ ನನಗೆ ಬೇರೆ ಗೊತ್ತಿಲ್ಲ.

ಇನ್ನೊಂದು ಸೂಕ್ಷ್ಮ. ಅಲ್ಲಮ ಒಡ್ಡರಿಗೆ ಉಪದೇಶ ಮಾಡುವುದಿಲ್ಲ. ಅವರನ್ನು ಸುತ್ತ ಕೂರಿಸಿಕೊಂಡು ಕಣ್ಣು ಮುಚ್ಚಿ ಎನ್ನುವುದಿಲ್ಲ. ಬೋಧೆಯೆಲ್ಲ ಸಿದ್ಧರಾಮನೊಬ್ಬನಿಗೆ. ಬದಲಾಗಬೇಕಾದವನು ಯಾರು ಎಂಬ ವಿಷಯದಲ್ಲಿ ಅವನಿಗೆ ಗೊಂದಲವೇ ಇಲ್ಲ. ಮುಂದೆ ಕಲ್ಯಾಣದಲ್ಲೂ ಇದೇ ನಡೆಯುತ್ತದೆ. ಅಲ್ಲಮ, ಸಿದ್ಧರಾಮ ಬಾಗಿಲಿಗೆ ಬಂದಾಗ ಬಸವಣ್ಣ ಲಿಂಗಪೂಜೆಯಲ್ಲಿದ್ದಾನೆ, ಕರೆಯಲು ಹಡಪದ ಅಪ್ಪಣ್ಣನನ್ನು ಕಳಿಸುತ್ತಾನೆ. ಅಲ್ಲಮ ಒಳಗೆ ಹೋಗುವುದಿಲ್ಲ. ಪೂಜೆಯೇ ಬಾಗಿಲಿಗೆ ಬಂದವನಿಗೆ ಅಡ್ಡವಾಯಿತಲ್ಲ ಎಂಬುದು ಅವನ ಆಕ್ಷೇಪ. ಧ್ಯಾನವನ್ನು ಆಡಳಿತದ ಸಾಧನ ಮಾಡಿಕೊಂಡವರು ಈ ಬಾಗಿಲ ಪ್ರಸಂಗವನ್ನು ಒಮ್ಮೆಯಾದರೂ ಓದಬೇಕು. ಒಡೆಯನ ಧ್ಯಾನವೂ ಸಂಸ್ಥೆಗೆ ಗೋಡೆಯಾಗಬಲ್ಲದು.

ಇಲ್ಲಿ ನಮ್ಮ ವಿಮರ್ಶಕರ ಜೊತೆ ಜಗಳ ಆಡಲೇಬೇಕಾಗಿದೆ. ಕನ್ನಡ ವಿಮರ್ಶೆಯಲ್ಲಿ ಬೇರು ಬಿಟ್ಟ ಒಂದು ಹಂಚಿಕೆ ಇದೆ: ಬಸವಣ್ಣ ಸಮಾಜದವನು, ಅಲ್ಲಮ ಬಯಲಿನವನು. ಬಸವಣ್ಣನಿಗೆ ಸಂಸ್ಥೆ, ಚಳವಳಿ, ಜನ. ಅಲ್ಲಮನಿಗೆ ಬೆಡಗು, ಶೂನ್ಯ, ಮೌನ. ಪಠ್ಯಪುಸ್ತಕದಿಂದ ಹಿಡಿದು ಸಂಶೋಧನ ಪ್ರಬಂಧದವರೆಗೆ ಇದೇ ಹಂಚಿಕೆ ನಡೆದುಬಂದಿದೆ. ಇದರಿಂದ ಸೊನ್ನಲಿಗೆಯ ಪ್ರಸಂಗ ಜ್ಞಾನಕ್ಕೂ ಕರ್ಮಕ್ಕೂ ನಡೆದ ಕುಸ್ತಿಯಾಗಿ ಉಳಿಯಿತು. ಜ್ಞಾನ ಗೆದ್ದಿತು, ಕರ್ಮ ಸೋತಿತು, ಸಿದ್ಧರಾಮ ಶರಣಾದ, ಅಲ್ಲಿಗೆ ಮುಗಿಯಿತು. ಕರ್ಮ ಸೋತಿದ್ದರೆ ಸೊಲ್ಲಾಪುರದ ನಡುವೆ ಆ ಕೆರೆ, ಆ ಗುಡಿ ಇವತ್ತಿಗೂ ಸಿದ್ಧರಾಮನ ಹೆಸರಿನಲ್ಲಿ ಇರುತ್ತಿದ್ದವೇ? ಅವನ ಸಮಾಧಿಯೂ ಅಲ್ಲಿಯೇ ಇದೆ. ಅಲ್ಲಮ ಹಳಿದದ್ದು ಕೆರೆ ಕಟ್ಟಿಸಿದೆನೆಂಬ ಹಮ್ಮನ್ನು ಎಂದು ಒಬ್ಬ ಸಾಮಾನ್ಯ ಓದುಗನೂ ಹೇಳಬಲ್ಲ.

ಡಿ. ಆರ್. ನಾಗರಾಜ್ 'ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ' ಬರೆದು ಅಲ್ಲಮನನ್ನು ಕಾಶ್ಮೀರದವರೆಗಿನ ಶೈವ ಚಿಂತನೆಯ ದೊಡ್ಡ ಭೂಪಟದಲ್ಲಿಟ್ಟು ನೋಡಿದರು. ಅದು ಕನ್ನಡದ ದೊಡ್ಡ ಪುಸ್ತಕಗಳಲ್ಲೊಂದು. ಆದರೆ ಅವರ ಹಿಂದೆ ಬಂದ ಕೆಲವರು ಆ ಭೂಪಟದಲ್ಲೇ ಕಳೆದುಹೋದರು. ಶೂನ್ಯಸಂಪಾದನೆಕಾರರು ಅಲ್ಲಮನನ್ನು ಮಠಕ್ಕೆ ಬೇಕಾದಂತೆ ಪಳಗಿಸಿದರು ಎಂದು ಹೇಳಿ ಇಡೀ ಕೃತಿಯನ್ನೇ ಬದಿಗಿಟ್ಟರು. ಮಠದ ಕೈ ಅಲ್ಲಿಲ್ಲವೆಂದು ನಾನು ಹೇಳುತ್ತಿಲ್ಲ. ಸಿದ್ಧರಾಮನ ದೀಕ್ಷೆಯ ವಿಚಾರದಲ್ಲಿ ಸಂಪಾದನೆಗಳಲ್ಲೇ ಒಮ್ಮತವಿಲ್ಲ. ಇಷ್ಟಲಿಂಗ ಕಟ್ಟಿಸಿಕೊಳ್ಳದವನನ್ನು ಒಳಗೆ ಬಿಡುವುದು ಹೇಗೆಂಬ ಚಿಂತೆ ಆ ಪಾಠಗಳಲ್ಲಿ ಎದ್ದು ಕಾಣುತ್ತದೆ. ಆದರೆ ಆ ಚಿಂತೆಯೇ ನನಗೆ ಅಮೂಲ್ಯ. ಕಲ್ಯಾಣ ಚೆದುರಿ ಇನ್ನೂರೈವತ್ತು ವರ್ಷ ಕಳೆದ ಮೇಲೆ, ಒಂದು ಸಮುದಾಯವನ್ನು ಮತ್ತೆ ಕಟ್ಟಬೇಕಾಗಿದ್ದ ವಿರಕ್ತರು ಇದನ್ನು ಬರೆದರು. ಅನುಭಾವವನ್ನು ಸಂಸ್ಥೆಯಾಗಿಸುವ ಕಷ್ಟ ಅವರ ದಿನನಿತ್ಯದ ಕಷ್ಟ. ಕಟ್ಟುತ್ತ ಕೂತವರೇ ಕಟ್ಟುವವನ ಹಮ್ಮಿನ ಮೇಲೆ ಇಂಥ ಪ್ರಸಂಗ ಬರೆದದ್ದು ಪಳಗಿಸುವ ಕೆಲಸವಲ್ಲ, ತಮ್ಮ ಕುತ್ತಿಗೆಗೇ ಕತ್ತಿ ಹಿಡಿದುಕೊಂಡ ಕೆಲಸ.

2013ರಲ್ಲಿ ಪ್ರಜಾವಾಣಿಯಲ್ಲಿ ನಡೆದ ವಚನ ಮತ್ತು ಜಾತಿಯ ವಾಗ್ವಾದವೂ ನೆನಪಾಗುತ್ತದೆ. ವಚನಕಾರರು ಜಾತಿಯ ವಿರುದ್ಧ ಚಳವಳಿ ನಡೆಸಿದರೇ ಇಲ್ಲವೇ ಎಂದು ಎರಡು ಕಡೆಯವರೂ ವಾರಗಟ್ಟಲೆ ಬರೆದರು. ಒಂದು ಕಡೆಯವರು ವಚನಗಳಿಂದ ಸಾಕ್ಷಿ ಎತ್ತಿದರು, ಇನ್ನೊಂದು ಕಡೆಯವರು ಆ ಸಾಕ್ಷಿ ಸಾಲದು ಎಂದರು. ಸುಧಾರಣೆಯ ಕಾರ್ಯಕ್ರಮವೊಂದು ಅಲ್ಲಿತ್ತೇ ಎಂಬ ಪ್ರಶ್ನೆಗೇ ಇಬ್ಬರೂ ಜೋತುಬಿದ್ದರು. ಒಡ್ಡರ ಕಿವಿಗೇ ಒಡ್ಡ ಎಂಬುದು ಬೈಗುಳವಾಗುವ ಈ ಗಳಿಗೆ, ಜಾತಿ ಎಷ್ಟು ಆಳಕ್ಕಿಳಿದಿರುತ್ತದೆ ಎಂದು ತೋರಿಸುವ ಗಳಿಗೆ, ಆ ಚರ್ಚೆಗೆ ಬಹಳ ಬೇಕಾಗಿತ್ತು. ಮುಂದಿನ ಚರಿತ್ರೆ ಇನ್ನೂ ದೊಡ್ಡದು: ಇವತ್ತು ಭೋವಿ ಎಂದು ಕರೆದುಕೊಳ್ಳುವ ಆ ಸಮುದಾಯ ಸಿದ್ಧರಾಮೇಶ್ವರನನ್ನೇ ತಮ್ಮ ಕುಲಗುರು ಎನ್ನುತ್ತದೆ. ಚಿತ್ರದುರ್ಗದಲ್ಲಿ ಅವನ ಹೆಸರಿನ ಗುರುಪೀಠವಿದೆ, ಪ್ರತಿ ಜನವರಿಯಲ್ಲಿ ಅವನ ಜಯಂತಿ ನಡೆಯುತ್ತದೆ. ಅಲ್ಲಮ ಚುಚ್ಚಲು ಇಟ್ಟ ಹೆಸರು ಹೇಳುತ್ತಿದ್ದದ್ದನ್ನೇ, ಅಂದರೆ ಸಿದ್ಧರಾಮ ನಮ್ಮವನು ಎಂಬುದನ್ನೇ, ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಈ ಪ್ರಸಂಗವನ್ನು ನಿಜವಾಗಿ ಓದಿದವರು ಅವರು.

ಅತ್ತಿಗುಂಡಿಯಿಂದ ಮೇಲಕ್ಕೆ ಹೋದರೆ ಬಾಬಾಬುಡನ್ ಗುಹೆ ಸಿಗುತ್ತದೆ. ಶಿಬಿರಕ್ಕೆ ಬಂದವರು ಅಲ್ಲಿಯೂ ಇಳಿದು ಫೋಟೊ ತೆಗೆಸಿಕೊಳ್ಳುತ್ತಾರೆ, ಏಳು ಕಾಫಿ ಬೀಜದ ಕಥೆ ಕೇಳುತ್ತಾರೆ. ಅನುಭಾವ ಮತ್ತು ಆಡಳಿತದ ಸಂಬಂಧಕ್ಕೆ ಕರ್ನಾಟಕದಲ್ಲಿ ಅದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ. ಒಂದೇ ಗುಹೆಯಲ್ಲಿ ದತ್ತಾತ್ರೇಯ ಮತ್ತು ಸೂಫಿ ದಾದಾ ಹಯಾತ್ ಇಬ್ಬರನ್ನೂ ಜನ ಕಂಡುಕೊಂಡು ಬಂದರು. ಹಾಗೆ ನಡೆಯಲು ಅವರಿಗೆ ಬರೆದಿಟ್ಟ ನಿಯಮ ಬೇಕಾಗಿರಲಿಲ್ಲ. 1975ರಲ್ಲಿ ಸರ್ಕಾರ ಅದನ್ನು ವಕ್ಫ್ ಮಂಡಳಿಗೆ ವಹಿಸಿತು. 1978ರಲ್ಲಿ ದಾವೆ ಹೂಡಲಾಯಿತು, 1980ರಲ್ಲಿ ನ್ಯಾಯಾಲಯ ಅದನ್ನು ಮುಜರಾಯಿಗೆ ಮರಳಿಸಿ, 1975ರ ಜೂನ್‌ಗೆ ಮುಂಚೆ ಹೇಗಿತ್ತೋ ಹಾಗೆ ನಡೆಯಲಿ ಎಂದಿತು. ಹೇಗಿತ್ತು ಎಂದು ಈಗ ಯಾರಾದರೂ ಬರೆಯಬೇಕಾಯಿತು. 1989ರಲ್ಲಿ ಮುಜರಾಯಿ ಆಯುಕ್ತರು ಪಟ್ಟಿ ಮಾಡಿದರು: ಪಾದುಕೆಗೆ ಹೂವು ಇಡುವುದು, ನಂದಾದೀಪ ಹಚ್ಚುವುದು, ಗುಹೆಯ ಆಡಳಿತ ನೋಡಿಕೊಳ್ಳುವ ಸಜ್ಜಾದೆ ನೇಮಿಸಿದ ಮುಜಾವರ್ (ದರ್ಗಾದ ಸೇವಕ) ಎರಡೂ ಕಡೆಯ ಭಕ್ತರಿಗೆ ತೀರ್ಥ ಕೊಡುವುದು. ಆ ಪಟ್ಟಿಯನ್ನು ತುಂಬ ಎಚ್ಚರದಿಂದಲೇ ಮಾಡಿದ್ದರು. ಆದರೂ ತೊಂಬತ್ತರ ದಶಕದಿಂದ ಈಚಿನ ಜಗಳವೆಲ್ಲ ಪಟ್ಟಿಯ ಒಂದೊಂದು ಸಾಲಿನ ಮೇಲೆ ನಡೆಯಿತು: ದೀಪ ಹಚ್ಚುವವರು ಯಾರು, ಹೂವು ಇಡುವವರು ಯಾರು, ತೀರ್ಥ ಕೊಡುವವರು ಯಾರು. ಗುಹೆಯ ಪೂಜಾಕ್ರಮದ ಬಗ್ಗೆ 2018ರಲ್ಲಿ ಹೊರಟ ಸರ್ಕಾರಿ ಆದೇಶವನ್ನು 2021ರಲ್ಲಿ ಹೈಕೋರ್ಟ್ ರದ್ದು ಮಾಡಿತು. ಪಟ್ಟಿ ಮತ್ತೆ ಬದಲಾಯಿತು. ಇದೇ ಸೀಮೆಯವರಾದ ರಹಮತ್ ತರೀಕೆರೆ 'ಕರ್ನಾಟಕದ ಸೂಫಿಗಳು' ಪುಸ್ತಕಕ್ಕಾಗಿ ಊರೂರು ಅಲೆದು ಕಂಡದ್ದು ಇಂಥ ಪಟ್ಟಿಗೆ ಸಿಗದ ಬದುಕನ್ನು. ಅನುಭಾವದಿಂದ ಆಡಳಿತ ಕಲಿಯಬೇಕೆನ್ನುವವರು ಗುಹೆಯ ಮುಂದಿನ ಫೋಟೊಗಿಂತ ಮುಂಚೆ ಆ ಪುಸ್ತಕ ಓದಲಿ. ಬದುಕಿನಲ್ಲಿದ್ದದ್ದನ್ನು ಕ್ರಮಪಟ್ಟಿ ಮಾಡಿದ ದಿನವೇ ಜಗಳ ಆ ಕ್ರಮದ ಮೇಲೆ ಕುಳಿತುಕೊಳ್ಳುತ್ತದೆ. ಗೋಡೆಯ ಮೇಲೆ ಬಾಣದ ಗುರುತು ಬರೆದವರಿಗೂ ಇದೇ ಕಾದಿದೆ.

ಶೂನ್ಯಸಂಪಾದನೆಯನ್ನು ಇಷ್ಟು ಹೊಗಳಿದ ಮೇಲೆ ಅದರ ಒಂದು ಕೊರತೆಯನ್ನೂ ಹೇಳಬೇಕು, ಅದು ಸಣ್ಣದಲ್ಲ. ಸಿದ್ಧರಾಮ ಅಲ್ಲಮನ ಜೊತೆ ಹೊರಟುಹೋದ ಮೇಲೆ ಕಥೆ ಒಡ್ಡರ ಕಡೆ ತಿರುಗಿ ನೋಡುವುದಿಲ್ಲ. ಮರುದಿನ ಬೆಳಿಗ್ಗೆ ಅವರು ಏರಿಗೆ ಬಂದರೇ? ಕೂಲಿ ಯಾರು ಕೊಟ್ಟರು? ಕಲ್ಲೆಸೆದ ಕೈಗಳ ನೋವಿಗೆ ಯಾರು ಉತ್ತರ ಹೇಳಿದರು? ಒಡೆಯನಿಗೆ ಅರಿವು ಮೂಡಿದ ಸಂತೋಷದಲ್ಲಿ ಕೃತಿ ಆಳುಗಳನ್ನು ಮರೆಯಿತು. ಇಲ್ಲಿನ ತೋಟಗಳಲ್ಲಿ ಬೆಳೆದವರಿಗೆ ಈ ಮರೆವು ಹೊಸದಲ್ಲ. ಸಾಹುಕಾರರು ಹೊಸ ದಾರಿ ಹಿಡಿದು ತೋಟ ಮಾರಿ ಹೋಂಸ್ಟೇ ಮಾಡಿದಾಗ, ರೈಟರ ತಕ್ಕಡಿಯ ಮುಂದೆ ಹಣ್ಣಿನ ಮೂಟೆ ಇಟ್ಟು ನಿಂತವರಿಗೆ, ಲೈನ್ ಮನೆಯಲ್ಲಿ ಎರಡು ತಲೆಮಾರು ಕಳೆದವರಿಗೆ, ಮುಂದಿನ ಸೋಮವಾರದ ಕೆಲಸದ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ಶಿಬಿರದ ಆ ಹುಡುಗ ಕೇಳಿದ್ದೂ ಇದನ್ನೇ. ಈ ಒಂದು ಪ್ರಶ್ನೆಗೆ ಅಲ್ಲಮನಲ್ಲೂ ಉತ್ತರ ಇಲ್ಲ. ಆಯ್ದಕ್ಕಿ ಲಕ್ಕಮ್ಮನಲ್ಲಿ ಸ್ವಲ್ಪ ಇದೆ: ಬೇಕಾದ್ದಕ್ಕಿಂತ ಹೆಚ್ಚು ಮನೆಗೆ ತರಬೇಡ.

ಆದರೂ ನನ್ನ ತೀರ್ಮಾನ ಬದಲಾಗುವುದಿಲ್ಲ. ಮಂಟಪವನ್ನು ಮಾದರಿ ಸಂಸ್ಥೆಯೆಂದು ಮಾರುವ ಪದ್ಧತಿ ಟೊಳ್ಳು, ಸೊನ್ನಲಿಗೆಯ ಪ್ರಸಂಗ ಗಟ್ಟಿ. ಬಸವಕಲ್ಯಾಣದಲ್ಲಿ ಕಟ್ಟಡಕ್ಕೆ ಇಷ್ಟು ಖರ್ಚು ಮಾಡುತ್ತಿರುವ ಸರ್ಕಾರ ಅದರಲ್ಲಿ ಒಂದಿಷ್ಟನ್ನು ತೆಗೆದು ಈ ಪ್ರಸಂಗವನ್ನು ನಾಲ್ಕೂ ಸಂಪಾದನೆಗಳ ಪಾಠಭೇದಗಳೊಂದಿಗೆ, ಇವತ್ತಿನ ಕನ್ನಡದ ಗದ್ಯಾನುವಾದ ಸೇರಿಸಿ, ಕಡಿಮೆ ಬೆಲೆಯ ಪುಸ್ತಕ ಮಾಡಿ ಹಂಚಲಿ. ಅತ್ತಿಗುಂಡಿಯ ಶಿಬಿರಗಳಿಗೆ ಜನರನ್ನು ಕಳಿಸುವ ಕಂಪನಿಗಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಸಲ ನೌಕರರನ್ನು ಮನೆಯಲ್ಲೇ ಬಿಡಿ, ಆಡಳಿತ ನಿರ್ದೇಶಕರೊಬ್ಬರೇ ಬರಲಿ, ಆ ಪುಸ್ತಕ ಹಿಡಿದುಕೊಂಡು.